ಬಣ್ಣ ಒಣಗುವ ಮೊದಲು

ಶಿವಕುಮಾರಿ ಹೂವಿನ ಚಿತ್ರ ಬರೆಯುತ್ತಿದ್ದುದು ಬೇಸಿಗೆಯಲ್ಲಿ ಮಾತ್ರ. ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಅವಳು ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಟೀಚರಿಗೆ ಕೈ ಬಿಡುವಾಗುವುದು ಮೇ ತಿಂಗಳ ರಜೆಯಲ್ಲಿ. ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಏನು ಅರಳಿರುತ್ತದೋ ಅದನ್ನೇ ಬರೆಯಬೇಕು. ಹೀಗಾಗಿ ದುಂಡುಮಲ್ಲಿಗೆ, ಸಂಪಿಗೆ, ಗುಲ್‌ಮೊಹರ್, ಈ ಊರಿನವರು ಬಹಾವಾ ಎನ್ನುವ ಕಕ್ಕೆ, ತಾಮ್ಹಣ ಎನ್ನುವ ನೇರಳೆ ಬಣ್ಣದ ಹೂ, ಇಷ್ಟೇ ಅವಳ ಪ್ರಪಂಚ. ಸೇವಂತಿಗೆಯನ್ನು ಅವಳು ಒಮ್ಮೆಯೂ ಬರೆದಿರಲಿಲ್ಲ. ಸೇವಂತಿಗೆಯ ಕಾಲದಲ್ಲಿ ಅವಳು ಪರೀಕ್ಷೆಯ ಪೇಪರು ತಿದ್ದುತ್ತಿರುತ್ತಿದ್ದಳು.

ಧಾರವಾಡದ ಕಲಾಶಾಲೆಯಲ್ಲಿ ಐದು ವರ್ಷ ಕಲಿತು, ಡಿಪ್ಲೊಮಾದಲ್ಲಿ ಎರಡನೆಯವಳಾಗಿ ಪಾಸಾಗಿ, ಅದೇ ವರ್ಷ ಗುರಲಿಂಗಪ್ಪನನ್ನು ಮದುವೆಯಾಗಿ ಮುಂಬಯಿಗೆ ಬಂದವಳು ಅವಳು. ಗುರಲಿಂಗಪ್ಪ ವಿಜಯಪುರದ ಕಡೆಯವನು, ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ಆಂಟಾಪ್ ಹಿಲ್‌ನ ಸರಕಾರಿ ಕ್ವಾರ್ಟರ್ಸಿನ ಮೂರನೆಯ ಮಹಡಿಯಲ್ಲಿ ಅವನಿಗೆ ಎರಡು ಕೋಣೆ ಮತ್ತು ಒಂದು ಅಡುಗೆಮನೆ ಸಿಕ್ಕಿತ್ತು. ಆ ಎರಡು ಕೋಣೆಗಳಲ್ಲಿ ಅತ್ತೆ ಗುರುಬಾಯಿ ಇದ್ದರು, ಆಮೇಲೆ ಮಗಳು ಮಾಧುರಿ ಬಂದಳು. ತವರಿನಿಂದ ತಂದ ಬಣ್ಣದ ಪೆಟ್ಟಿಗೆ ಮಂಚದ ಕೆಳಗೆ ಹೋಯಿತು. ಹದಿನೈದು ವರ್ಷ ಬಿಟ್ಟು ತೆಗೆದು ನೋಡಿದಾಗ ಟ್ಯೂಬುಗಳು ಕಲ್ಲಾಗಿದ್ದವು. ಒಂದೊಂದನ್ನೂ ಹಿಸುಕಿ ನೋಡಿ ಕಸದ ಡಬ್ಬಿಗೆ ಎಸೆಯುವಾಗ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಮರುದಿನ ಹೋಗಿ ಹೊಸ ಟ್ಯೂಬುಗಳನ್ನು ತಂದಳು. ಆ ಮೇಲೆ ಹನ್ನೆರಡು ಬೇಸಿಗೆಗಳು ಕಳೆದಿದ್ದವು. ಈಗ ಅವಳಿಗೆ ಐವತ್ತೆರಡು ವರ್ಷ.

ಚಿತ್ರಗಳು ಸಣ್ಣವು. ಆರಿಂಚು ಅಗಲ, ಎಂಟಿಂಚು ಉದ್ದದ ಹಾರ್ಡ್‌ಬೋರ್ಡ್ ತುಂಡುಗಳು. ನೋಡಿದವರು ಎಷ್ಟು ಮುದ್ದಾಗಿವೆ ಎನ್ನುತ್ತಿದ್ದರು. ದೊಡ್ಡದನ್ನು ಬರೆಯುವ ಆಸೆ ಅವಳಿಗೆ ಇರಲಿಲ್ಲವೆಂದಲ್ಲ; ಜಾಗ ಇರಲಿಲ್ಲ. ಇಡೀ ಮನೆಯಲ್ಲಿ ನೆರಳು ಬದಲಾಗದ ತಣ್ಣನೆಯ ಬೆಳಕು ಬೀಳುತ್ತಿದ್ದುದು ಅಡುಗೆಮನೆಯ ಉತ್ತರದ ಕಿಟಕಿಯಿಂದ. ಆ ಕಿಟಕಿಯ ಕೆಳಗೆ ಗ್ಯಾಸ್ ಒಲೆಗೂ ಸಿಂಕಿಗೂ ನಡುವೆ ಎರಡಡಿ ಕಟ್ಟೆ. ನಾಷ್ಟಾ ಮುಗಿದು ಮಧ್ಯಾಹ್ನದ ಅಡುಗೆ ಶುರುವಾಗುವವರೆಗೆ, ಒಂಬತ್ತೂವರೆಯಿಂದ ಹನ್ನೊಂದೂವರೆ, ಆ ಎರಡಡಿ ಅವಳದು. ಅಷ್ಟರಲ್ಲಿ ಒಂದು ಗಾಜಿನ ಲೋಟ, ಅದರಲ್ಲಿ ಹೂ, ಹಿಂದೆ ಒಂದು ಹಳೆಯ ಬೆಡ್‌ಶೀಟಿನ ತುಂಡು, ಪಕ್ಕದಲ್ಲಿ ಬಣ್ಣದ ತಟ್ಟೆ. ಎಂಟಿಂಚಿಗಿಂತ ದೊಡ್ಡ ಬೋರ್ಡ್ ಇಟ್ಟರೆ ಕುಕ್ಕರ್ ಕೆಳಗಿಡಬೇಕಾಗುತ್ತಿತ್ತು.

ಆ ವರ್ಷ ಫೆಬ್ರವರಿಯಲ್ಲಿ ಕನ್ನಡ ಸಂಘದವರು ಶಾಲೆಗೆ ನೋಟ್‌ಬುಕ್ಕು ಹಂಚಲು ಬಂದಿದ್ದರು. ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ ಸುಕೇಶ್ ಉಡುಪಿ ಕಡೆಯವನು, ಸಾಂತಾಕ್ರೂಜ್‌ನಲ್ಲಿ ಹೋಟೆಲು ನಡೆಸುತ್ತಿದ್ದ. ಮಾತಿನ ನಡುವೆ ಶಿವಕುಮಾರಿಯ ಫೋನಿನಲ್ಲಿದ್ದ ಸಂಪಿಗೆಯ ಚಿತ್ರವನ್ನು ನೋಡಿದವನು ತಲೆದೂಗಿದ. ಜೂನ್ ಮೊದಲ ಭಾನುವಾರ ಸಂಘದ ವಾರ್ಷಿಕೋತ್ಸವ, ಹಾಲ್‌ನ ಮುಖ್ಯ ಗೋಡೆಯನ್ನು ನಿಮಗೇ ಬಿಟ್ಟುಕೊಡುತ್ತೇವೆ, ಹನ್ನೆರಡು ಚಿತ್ರ ಕೊಡಿ ಎಂದ. ಯೋಚಿಸಿ ಹೇಳುತ್ತೇನೆ ಎನ್ನಬೇಕಾಗಿದ್ದ ಜಾಗದಲ್ಲಿ ಶಿವಕುಮಾರಿ ಆಯಿತು ಎಂದುಬಿಟ್ಟಳು. ಮನೆಗೆ ಬಂದು ಲೆಕ್ಕ ಹಾಕಿದಾಗ ಬೆವರಿದಳು. ಒಂದು ಬೇಸಿಗೆಯಲ್ಲಿ ಅವಳು ಬರೆದು ಮುಗಿಸಿದ್ದ ಅತಿ ಹೆಚ್ಚಿನ ಚಿತ್ರಗಳು ಐದು. ಹಳೆಯವುಗಳಲ್ಲಿ ನಾಲ್ಕು ಮಂದಿಯ ಮುಂದೆ ಇಡಬಹುದಾದವು ಎಂದರೆ ಮೂರು. ಉಳಿದ ಒಂಬತ್ತನ್ನು ಈ ರಜೆಯಲ್ಲೇ ಮಾಡಬೇಕಿತ್ತು.

ಅದು ಲೋಕಸಭಾ ಚುನಾವಣೆಯ ವರ್ಷ. ರಜೆ ಶುರುವಾದ ಮೂರನೆಯ ದಿನ ಅವಳ ಹೆಸರಿಗೆ ಡ್ಯೂಟಿಯ ಆರ್ಡರ್ ಬಂತು. ಎರಡು ದಿನ ತರಬೇತಿ, ಆಮೇಲೆ ಇನ್ನೊಂದು ದಿನ ಮರುತರಬೇತಿ, ಮತದಾನದ ಹಿಂದಿನ ದಿನ ಮತ್ತು ಮತದಾನದ ದಿನ. ಒಟ್ಟು ಐದು. ಮದುವೆ ಹಾಲ್ ಒಂದರಲ್ಲಿ ಮುನ್ನೂರು ಮಂದಿ ಟೀಚರುಗಳ ನಡುವೆ ಕೂತು ಮಶೀನಿನ ಯಾವ ಬಟನ್ ಯಾವಾಗ ಒತ್ತಬೇಕೆಂದು ಕೇಳುತ್ತಿರುವಾಗ ಅವಳ ಕಣ್ಣ ಮುಂದೆ ಅಡುಗೆಮನೆಯ ಕಟ್ಟೆಯ ಮೇಲೆ ಹತ್ತು ಗಂಟೆಯ ಬೆಳಕು ಖಾಲಿಯಾಗಿ ಬಿದ್ದಿರುವುದು ಕಾಣುತ್ತಿತ್ತು.

ಉಳಿದ ದಿನಗಳು ಸರಾಗವಾಗಿದ್ದವು ಎಂದೂ ಅಲ್ಲ. ಎಣ್ಣೆಬಣ್ಣ ಒಣಗುವುದಕ್ಕೆ ದಿನಗಟ್ಟಲೆ ತೆಗೆದುಕೊಳ್ಳುತ್ತದೆ. ಮುಂಬಯಿಯ ಮೇ ತಿಂಗಳಲ್ಲಿ ಹೂ ಬಾಡುವುದಕ್ಕೆ ಎರಡು ಗಂಟೆ ಸಾಕು. ಈ ಎರಡರ ನಡುವೆ ಅವಳು. ಧಾರವಾಡದಲ್ಲಿ ಅವಳಿಗೆ ಕಲಿಸಿದ ಮಾಸ್ತರರು ಎಣ್ಣೆಬಣ್ಣಕ್ಕೆ ಅವಸರ ಇಲ್ಲ ನೋಡವಾ ಎನ್ನುತ್ತಿದ್ದರು. ಅವರು ಬರೆಯುತ್ತಿದ್ದುದು ಗಡಿಗೆ, ಮೊರ, ಬದನೆಕಾಯಿ. ಬದನೆಕಾಯಿ ಒಂದು ವಾರ ಕಾಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ್ದು ದುಂಡುಮಲ್ಲಿಗೆ. ಬಿಳಿಯ ಹೂವನ್ನು ಬಿಳಿಯ ಬಣ್ಣದಿಂದ ಬರೆದರೆ ಸುಣ್ಣದ ಉಂಡೆಯಾಗುತ್ತದೆ. ಎಸಳಿನ ಮಡಿಕೆಯಲ್ಲಿ ಹಸಿರಿದೆ, ಬುಡದಲ್ಲಿ ಹಳದಿಯಿದೆ, ನೆರಳಿನಲ್ಲಿ ಪಕ್ಕದ ಸ್ಟೀಲ್ ಡಬ್ಬಿಯ ನೀಲಿಯಿದೆ. ಅದೆಲ್ಲ ಅವಳಿಗೆ ಕಾಣುತ್ತಿತ್ತು. ಕಂಡದ್ದನ್ನು ಕಲಸಿ ಕುಂಚಕ್ಕೆ ತೆಗೆದುಕೊಳ್ಳುವಷ್ಟರಲ್ಲಿ ಹೂ ಬಾಯಿ ಬಿಟ್ಟು, ಅಂಚು ಕಂದಿ, ಬೇರೆಯೇ ಹೂವಾಗಿರುತ್ತಿತ್ತು. ಮೊದಲ ವಾರ ಮೂರು ಸಲ, ಎರಡನೆಯ ವಾರ ಮತ್ತೆ ಮೂರು ಸಲ ಚಾಕುವಿನಿಂದ ಬೋರ್ಡ್ ಕೆರೆದು ತೆಗೆದಳು.

ಮಲ್ಲಿಗೆಯ ವಿಷಯದಲ್ಲಿ ಇನ್ನೊಂದು ತೊಡಕಿತ್ತು. ಮನೆಗೆ ಹೂ ಬರುತ್ತಿದ್ದುದು ಗುರುಬಾಯಿಯ ಪೂಜೆಗೆ. ಎಂಬತ್ತೊಂದರ ಆ ಮುದುಕಿ ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆಗೆ ಕೂತರೆ ಏಳುವುದು ಒಂಬತ್ತಕ್ಕೆ. ಪೂಜೆಗೆ ಮೊದಲು ಹೂ ಮುಟ್ಟುವಂತಿಲ್ಲ. ಚಿತ್ರಕ್ಕೆ ಇಟ್ಟ ಹೂ ದೇವರಿಗೆ ಸಲ್ಲುವುದಿಲ್ಲ. ಪೂಜೆಯಾದ ಮೇಲೆ ತೆಗೆದುಕೊಳ್ಳೋಣವೆಂದರೆ ಎಸಳುಗಳ ಮೇಲೆ ವಿಭೂತಿ ಉದುರಿ ಬಿಳಿಯೆಲ್ಲ ಬೂದಿಯಾಗಿರುತ್ತಿತ್ತು. ಬೇರೆ ಹೂ ತರಿಸೋಣವೆಂದು ಗುರಲಿಂಗಪ್ಪನಿಗೆ ಹೇಳಿದಳು. ಅವನು ಒಳ್ಳೆಯ ಮನಸ್ಸಿನಿಂದ ಮಾರ್ಕೆಟ್‌ಗೆ ಹೋಗಿ ಬಿಡಿ ಮೊಗ್ಗು ತರುವ ಬದಲು ಒತ್ತಾಗಿ ಕಟ್ಟಿದ ಗಜರಾ ತಂದ. ಬಿಡಿಸಿದರೆ ಪ್ರತಿ ಹೂವಿನ ಕುತ್ತಿಗೆಯಲ್ಲೂ ದಾರದ ಗಾಯ.

ಇದೆಲ್ಲದರ ಮೇಲೆ ಬಣ್ಣ ತೆಳುವು ಮಾಡುವ ಟರ್ಪೆಂಟೈನಿನ ಘಾಟು. ಗುರುಬಾಯಿಗೆ ದಮ್ಮಿನ ತೊಂದರೆ. ಹಿಂದಿನ ವರ್ಷಗಳಲ್ಲಿ ಅಡುಗೆಮನೆಯ ಬಾಗಿಲು ಹಾಕಿಕೊಂಡರೆ ನಡೆಯುತ್ತಿತ್ತು. ಈ ವರ್ಷ ಸೆಕೆಗೆ ಬಾಗಿಲು ಹಾಕುವಂತಿರಲಿಲ್ಲ. ಒಂದು ಬೆಳಿಗ್ಗೆ ಮುದುಕಿ ಕೆಮ್ಮುತ್ತ ಬಂದು ಬಾಗಿಲಲ್ಲಿ ನಿಂತರು.

“ನಿನ್ನ ಆ ಸೀಸೆ ವಾಸನಿ ನನ್ನ ಎದ್ಯಾಗ ಬಂದು ಕುಂದರತೈತಿ, ಶಿವಕ್ಕ.”

ಶಿವಕುಮಾರಿ ಕುಂಚ ಕೆಳಗಿಟ್ಟು ಟರ್ಪೆಂಟೈನ್ ಸೀಸೆಯ ಮುಚ್ಚಳ ಬಿಗಿದಳು. ಗುರುಬಾಯಿ ಒಳಗೆ ಬಂದು ಕಟ್ಟೆಯ ಮೇಲಿದ್ದ ಇನ್ನೊಂದು ಸೀಸೆಯ ಮುಚ್ಚಳ ತೆಗೆದು ಮೂಸಿದರು. ಬಣ್ಣಕ್ಕೆ ಬೆರೆಸುವ ಲಿನ್‌ಸೀಡ್ ಎಣ್ಣೆ. ಮುದುಕಿಯ ಮುಖ ಸಡಿಲವಾಯಿತು.

“ಇದು ನಮ್ಮ ಅಗಸಿ ಎಣ್ಣಿ ಅಲ್ಲೇನು? ಇದರಾಗ ಮಾಡ್ಕೋ. ಅದನ್ನ ಹೊರಗ ಇಡು.”

ಅಂದಿನಿಂದ ಟರ್ಪೆಂಟೈನ್ ಸೀಸೆ ಬಾಲ್ಕನಿಯ ಮೂಲೆಗೆ ಹೋಯಿತು. ಬರೀ ಎಣ್ಣೆಯಲ್ಲಿ ಬಣ್ಣ ತೆಳುವು ಮಾಡಿದಳು, ಕುಂಚವನ್ನೂ ಎಣ್ಣೆಯಲ್ಲೇ ತೊಳೆದು ಸಾಬೂನು ಹಚ್ಚಿದಳು. ಮನೆಯಲ್ಲಿ ಶಾಂತಿ ಬಂತು. ಆದರೆ ಮೂರು ದಿನಕ್ಕೆ ಒಣಗುತ್ತಿದ್ದ ಬಣ್ಣ ಹತ್ತು ದಿನವಾದರೂ ಬೆರಳಿಗೆ ಅಂಟುತ್ತಿತ್ತು. ಮುಗಿದ ಚಿತ್ರಗಳನ್ನು ಫ್ರಿಜ್ಜಿನ ಮೇಲೆ, ಟೀವಿಯ ಹಿಂದೆ, ಕಪಾಟಿನ ನೆತ್ತಿಯ ಮೇಲೆ ಮಲಗಿಸಿ, ಫ್ಯಾನಿನ ಧೂಳು ಕೂರದಂತೆ ಮೇಲೆ ಸ್ಟೀಲ್ ಜರಡಿ ಮುಚ್ಚಿಟ್ಟಳು. ಮಾಧುರಿ ಕಾಲೇಜಿನಿಂದ ಬಂದವಳು ಕಪಾಟು ತೆರೆಯಲು ಹೋಗಿ ಕೈ ಹಳದಿ ಮಾಡಿಕೊಂಡಳು. “ಅಮ್ಮಾ, ಇದು ಸೂಖಾ ಯಾವಾಗ ಆಗ್ತದ? ಎವ್ರಿವೇರ್ ಪೇಂಟಿಂಗ್ ಅದಾವ” ಎಂದಳು. ಆಕ್ರಿಲಿಕ್‌ನಲ್ಲಿ ಮಾಡಿದರೆ ಹತ್ತು ನಿಮಿಷಕ್ಕೆ ಒಣಗುತ್ತದಂತಲ್ಲ ಎಂದೂ ಸೇರಿಸಿದಳು. ಅದು ಶಿವಕುಮಾರಿಗೆ ಗೊತ್ತಿತ್ತು. ಎಸಳಿನ ಮೇಲೆ ಬೆಳಕು ನೆರಳಿಗೆ ಕರಗುವ ಜಾಗವನ್ನು ಹಸಿ ಎಣ್ಣೆಯಲ್ಲಿ ಕುಂಚದ ತುದಿಯಿಂದ ಒಮ್ಮೆ ಸವರಿ ತೆಗೆಯುವ ಸುಖ ಆಕ್ರಿಲಿಕ್‌ನಲ್ಲಿ ಇಲ್ಲವೆಂದು ಮಗಳಿಗೆ ಯಾವ ಭಾಷೆಯಲ್ಲಿ ಹೇಳುವುದೆಂದು ಗೊತ್ತಿರಲಿಲ್ಲ.

ಕಕ್ಕೆಯ ಮೇಲೆ ಅವಳು ಬಹಳ ಆಸೆ ಇಟ್ಟುಕೊಂಡಿದ್ದಳು. ಬಿಲ್ಡಿಂಗಿನ ಗೇಟಿನ ಬಳಿ ಒಂದು ಮರವಿತ್ತು. ಏಪ್ರಿಲ್ ಕೊನೆಯಿಂದ ಅದು ಹಳದಿ ಗೊಂಚಲು ಬಿಟ್ಟುಕೊಂಡು ನಿಂತಿತ್ತು. ಕೆಳಗಿನ ಕೊಂಬೆಯ ಗೊಂಚಲುಗಳು ಇನ್ನೂ ಅರ್ಧ ಮೊಗ್ಗು, ನಾಲ್ಕು ದಿನ ತಡೆದರೆ ಮೇಲೆ ಅರಳಿದ ಹೂ, ತುದಿಯಲ್ಲಿ ಹಸಿರು ಮೊಗ್ಗು ಎರಡೂ ಒಂದೇ ಗೊಂಚಲಿನಲ್ಲಿ ಸಿಗುತ್ತವೆ ಎಂದು ಕಾದಳು. ಮರುತರಬೇತಿಯ ದಿನ ಮಧ್ಯಾಹ್ನ ಎರಡು ಗಂಟೆಗೆ ಬಸ್ಸಿಳಿದು ಗೇಟಿಗೆ ಬಂದರೆ ಮರ ಬೋಳಾಗಿತ್ತು. ಮಳೆಗಾಲಕ್ಕೆ ಮೊದಲು ಕೊಂಬೆ ಸವರುವ ಕಂತ್ರಾಟಿನವರು ಬಂದಿದ್ದರು. ಹಳದಿಯೆಲ್ಲ ಟೆಂಪೋದಲ್ಲಿ ರಾಶಿ ಬಿದ್ದಿತ್ತು.

ಅವಳು ಪರ್ಸು ಹೆಗಲಿಗೇರಿಸಿ ಟೆಂಪೋದ ಅಂಚು ಹಿಡಿದು ಬಗ್ಗಿದಳು. ಕೆಲಸದವರಲ್ಲಿ ಒಬ್ಬ ಏನು ಬೇಕು ತಾಯೀ ಎಂದು ಕೇಳಿ, ಅವಳು ತೋರಿಸಿದ ಗೊಂಚಲನ್ನು ಮುರಿದು ಕೊಟ್ಟ. ಇನ್ನೂ ಒಂದಿಷ್ಟು ಕೊಡುತ್ತೇನೆ, ಪೂಜೆಗೆ ಸಾಕಾಗುತ್ತದೆಯೇ ಎಂದ. ಮೂರು ಮಹಡಿ ಹತ್ತುವಾಗಲೇ ಎಸಳು ಉದುರುತ್ತಿತ್ತು. ಊಟ ಮಾಡದೆ, ಸೀರೆ ಬದಲಿಸದೆ, ಅಡುಗೆಮನೆಯ ಪಾತ್ರೆಗಳನ್ನು ಪಕ್ಕಕ್ಕೆ ತಳ್ಳಿ ಕೂತಳು. ಮಧ್ಯಾಹ್ನದ ಬೆಳಕು ಅವಳು ಬಯಸಿದ ಬೆಳಕಲ್ಲ. ಹೂ ಅವಳು ಕಾದ ಹೂವಲ್ಲ. ಆದರೂ ಎರಡೂವರೆ ಗಂಟೆಯಲ್ಲಿ ಒಂದು ಚಿತ್ರ ಬಂತು. ಗೊಂಚಲು ಓರೆಯಾಗಿ ಜೋಲುತ್ತಿತ್ತು, ಲೋಟದ ಬುಡದಲ್ಲಿ ಏಳೆಂಟು ಎಸಳು ಬಿದ್ದಿದ್ದವು, ಹಳದಿಯ ಹಿಂದೆ ಬೆಡ್‌ಶೀಟಿನ ಬೂದು ನೀಲಿ ಒಂದು ಕಡೆ ಮಾತ್ರ ಹೊಳೆಯುತ್ತಿತ್ತು. ಗುರಲಿಂಗಪ್ಪ ಆಫೀಸಿನಿಂದ ಬಂದವನು ಬೂಟು ಬಿಚ್ಚುತ್ತ ನೋಡಿ, ಇದು ಚಲೋ ಬಂದೈತಿ ಎಂದ. ಅವನು ಎಲ್ಲದಕ್ಕೂ ಹಾಗೆಯೇ ಅನ್ನುತ್ತಿದ್ದನಾದರೂ ಈ ಸಲ ಒಂದು ಬೂಟು ಕೈಯಲ್ಲಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತಿದ್ದ.

ಮತದಾನದ ಡ್ಯೂಟಿಗೆ ಹೋಗುವ ಬೆಳಿಗ್ಗೆ ಅವಳು ಏಳನೆಯ ಸಲ ಮಲ್ಲಿಗೆ ಜೋಡಿಸಿದ್ದಳು. ಪಕ್ಕದ ಮನೆಯ ಕುಂಡದಿಂದ ಬೇಡಿ ತಂದ ಹದಿಮೂರು ಮೊಗ್ಗು, ಪಿಂಗಾಣಿಯ ಬಿಳಿ ಬಟ್ಟಲು. ಹೊರಡುವ ಮುನ್ನ ಅರ್ಧ ಗಂಟೆ ಸಿಗುತ್ತದೆಂದುಕೊಂಡಿದ್ದಳು. ಅಷ್ಟರಲ್ಲಿ ಬೇಗ ಬರಬೇಕೆಂದು ಫೋನ್ ಬಂತು. ಮುಟ್ಟಬ್ಯಾಡ್ರಿ ಎಂದು ಒಂದು ಚೀಟಿ ಬರೆದು ಬಟ್ಟಲ ಮುಂದೆ ಇಟ್ಟು ಹೋದಳು. ಎರಡು ದಿನವಾದ ಮೇಲೆ, ಡ್ಯೂಟಿ ಮುಗಿಸಿ ಮೈಕೈ ನೋವಿನಿಂದ ಒಂದಿಡೀ ಬೆಳಗು ಮಲಗಿ ಎದ್ದು ಅಡುಗೆಮನೆಗೆ ಬಂದರೆ ಚೀಟಿ ಹಾಗೆಯೇ ಇತ್ತು. ಯಾರೂ ಮುಟ್ಟಿರಲಿಲ್ಲ. ಹದಿಮೂರೂ ಕಂದಿ, ಮುದುಡಿ, ಚಹಾದ ಬಣ್ಣಕ್ಕೆ ತಿರುಗಿದ್ದವು.

ಎತ್ತಿ ಚೆಲ್ಲಲು ಬಟ್ಟಲು ಹಿಡಿದವಳು ಸಿಟ್ಟಿಗೆ ಅದನ್ನೇ ಬೆಳಕಿಗೆ ತಿರುಗಿಸಿ ಇಟ್ಟಳು. ಇನ್ನು ಇವು ಎಲ್ಲಿಗೂ ಓಡುವುದಿಲ್ಲ, ನೋಡೋಣ ಎಂದು ಕುಂಚ ತೆಗೆದುಕೊಂಡಳು. ಬಾಡಲು ಅವುಗಳಲ್ಲಿ ಇನ್ನೇನೂ ಉಳಿದಿರಲಿಲ್ಲ. ಕಂದು, ಅದರೊಳಗೆ ಗುಲಾಬಿ, ಒಣಗಿದ ಅಂಚಿನಲ್ಲಿ ಬಂಗಾರದ ಒಂದು ಗೆರೆ, ಬಟ್ಟಲ ಬಿಳಿಯ ಮೇಲೆ ಅವುಗಳ ನೆರಳು. ಒಂದು ಬೆಳಿಗ್ಗೆ ಅರ್ಧ, ಮರುದಿನ ಬೆಳಿಗ್ಗೆ ಅರ್ಧ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಒಂದು ಕಡೆಯೂ ಕೆರೆಯದೆ ಚಿತ್ರ ಮುಗಿಯಿತು.

ಗುರುಬಾಯಿ ಕನ್ನಡಕ ಹಾಕಿಕೊಂಡು ಬಂದು ನೋಡಿದರು. ಬಹಳ ಹೊತ್ತು ನೋಡಿ, ಹೂ ಬಾಡಿದ ಮ್ಯಾಲೆ ಗಿಡದ ಬುಡಕ್ಕ ಹಾಕಬೇಕು, ಮನಿ ಒಳಗ ಇಟ್ಟುಕೊಳ್ಳೂದಲ್ಲ ಎಂದರು. ಅಷ್ಟು ಹೇಳಿ ಜಪಮಾಲೆ ಹಿಡಿದು ಹೊರಗೆ ಹೋದರು. ಆದರೂ ಶಿವಕುಮಾರಿ ಚಿತ್ರವನ್ನು ಹನ್ನೆರಡರಲ್ಲಿ ಸೇರಿಸಿದಳು. ಸಂಪಿಗೆ, ಗುಲ್‌ಮೊಹರ್, ತಾಮ್ಹಣ ಸಿಕ್ಕ ಬೆಳಗುಗಳಲ್ಲಿ ಹೇಗೋ ಮುಗಿದಿದ್ದವು; ಇದರೊಂದಿಗೆ ಬೇಕಿದ್ದ ಒಂಬತ್ತು ತುಂಬಿತು.

ಹಸಿ ಬಣ್ಣದ ಹಲಗೆಗಳನ್ನು ಲೋಕಲ್‌ನಲ್ಲಿ ಒಯ್ಯುವುದು ಹೇಗೆಂಬ ಚಿಂತೆಯನ್ನು ಗುರಲಿಂಗಪ್ಪ ಬಗೆಹರಿಸಿದ. ಹಾಪೂಸ್ ಮಾವಿನ ಮರದ ಪೆಟ್ಟಿಗೆಗೆ ಎರಡು ಕಡೆ ಪಟ್ಟಿ ಹೊಡೆದು, ಹನ್ನೆರಡು ಹಲಗೆಗಳು ಒಂದಕ್ಕೊಂದು ತಾಗದೆ ನಿಲ್ಲುವಂತೆ ಸಂದು ಮಾಡಿದ. ಭಾನುವಾರ ಬೆಳಿಗ್ಗೆ ಇಬ್ಬರೂ ವಡಾಲಾದಲ್ಲಿ ರೈಲು ಹತ್ತಿ, ಪೆಟ್ಟಿಗೆಯನ್ನು ಅವನು ತೊಡೆಯ ಮೇಲೆ ಇಟ್ಟುಕೊಂಡು ಸಾಂತಾಕ್ರೂಜ್‌ನ ಸಂಘದ ಹಾಲ್ ತಲುಪಿದರು.

ಹಾಲ್‌ನ ಮುಖ್ಯ ಗೋಡೆಯ ಮೇಲೆ ನೆಲದಿಂದ ಮೇಲಿನವರೆಗೆ ಫ್ಲೆಕ್ಸ್ ಬ್ಯಾನರ್ ಇತ್ತು. ಸುಕೇಶ್ ಓಡಿ ಬಂದು ಕೈ ಮುಗಿದ. ಪ್ರಾಯೋಜಕರದ್ದು, ಕೊನೆಯ ಗಳಿಗೆಯಲ್ಲಿ ಬಂತು, ಏನು ಮಾಡುವುದು ಎಂದ. ಊಟದ ಹಾಲ್‌ಗೆ ಹೋಗುವ ಓಣಿಯಲ್ಲಿ ಎರಡು ಟೇಬಲ್ ಹಾಕಿಸಿದ್ದೇನೆ, ಅಲ್ಲಿಯೇ ಎಲ್ಲರೂ ಹಾದು ಹೋಗುವುದು, ನಿಜವಾಗಿ ಅದೇ ಒಳ್ಳೆಯ ಜಾಗ ಎಂದ. ಗೋಡೆಗೆ ಮೊಳೆಯಿರಲಿಲ್ಲ. ಹಲಗೆಗಳನ್ನು ಒಂದೊಂದಾಗಿ ಗೋಡೆಗೆ ಒರಗಿಸಿ ನಿಲ್ಲಿಸಬೇಕಾಯಿತು. ಶಿವಕುಮಾರಿ ಒಂದು ಕಾಗದದ ಮೇಲೆ ‘ಬಣ್ಣ ಹಸಿಯಾಗಿದೆ, ಮುಟ್ಟಬೇಡಿ’ ಎಂದು ಕನ್ನಡದಲ್ಲೂ ಹಿಂದಿಯಲ್ಲೂ ಬರೆದಿಟ್ಟಳು.

ಮುಖ ತೊಳೆದು ಬರುವಷ್ಟರಲ್ಲಿ ಬಾಡಿದ ಮಲ್ಲಿಗೆ ಟೇಬಲ್ಲಿನ ಮೇಲಿರಲಿಲ್ಲ. ಕೆಳಗೆ ಮಾವಿನ ಪೆಟ್ಟಿಗೆಯೊಳಗೆ ಇತ್ತು. ಸುಕೇಶ್ ಅಲ್ಲೇ ನಿಂತಿದ್ದ.

“ಟೀಚರೇ, ಬೇಸರ ಮಾಡ್ಬೇಡಿ. ಇವತ್ತು ಎಂಬತ್ತು ದಾಟಿದ ಹಿರಿಯರಿಗೆ ಸನ್ಮಾನ ಉಂಟು. ಅವರು ಇಲ್ಲಿಂದ್ಲೇ ಊಟಕ್ಕೆ ಹೋಗುದು. ಬಾಡಿದ ಹೂ ನೋಡಿದ್ರೆ ಏನು ಗ್ರಹಿಸ್ತಾರೆ ಹೇಳಿ?”

ಅದು ಹನ್ನೆರಡರಲ್ಲಿ ಎಲ್ಲಕ್ಕಿಂತ ಚೆನ್ನಾಗಿದೆ ಎಂದು ಅವಳು ಹೇಳಿದಳು. ಇರಬಹುದು, ನನಗೆ ಅದೆಲ್ಲ ಗೊತ್ತಾಗುವುದಿಲ್ಲ, ಆದರೆ ಸಮಾರಂಭದ ಮನೆಯಲ್ಲವೇ ಎಂದ ಅವನು. ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಹೊರಟುಬಿಡೋಣವೆಂದು ಅವಳಿಗೆ ಅನ್ನಿಸಿತು. ಗುರಲಿಂಗಪ್ಪನ ಮುಖ ನೋಡಿದಳು. ಪೆಟ್ಟಿಗೆ ಹೊತ್ತು ಅವನ ಅಂಗಿ ಬೆನ್ನಿಗೆ ಅಂಟಿತ್ತು. ಸುಮ್ಮನೆ ಕುರ್ಚಿ ಎಳೆದು ಕೂತಳು.

ಜನ ಹಾದುಹೋದರು. ಕೆಲವರು ಸೆಲ್ಫಿ ತೆಗೆದುಕೊಂಡರು. ಒಬ್ಬ ಹೆಂಗಸು ಬ್ಲೌಸಿನ ಮೇಲೆ ಇಂಥದ್ದು ಮಾಡಿಕೊಡುತ್ತೀರಾ ಎಂದು ಕೇಳಿದಳು. ಇನ್ನೊಬ್ಬರು ಇದು ಪ್ರಿಂಟೋ ಕೈಯಿಂದ ಮಾಡಿದ್ದೋ ಎಂದು ಹತ್ತಿರ ಬಂದು, ಚೀಟಿ ಓದಿ, ನಿಜವಾಗಿ ಹಸಿಯೇ ಎಂದು ನೋಡಲು ಗುಲ್‌ಮೊಹರ್ ಎಸಳಿಗೆ ಬೆರಳೊತ್ತಿದರು. ಬೆರಳಿನ ಗುರುತು ಉಳಿಯಿತು. ವೇದಿಕೆಯಿಂದ ಸುಕೇಶ್ ಮೈಕಿನಲ್ಲಿ ಅವಳನ್ನು ರಂಗೋಲಿ ಕಲಾವಿದೆ ಶ್ರೀಮತಿ ಶಿವಕುಮಾರಿ ಎಂದು ಪರಿಚಯಿಸಿದ. ಚಪ್ಪಾಳೆ ಬಿತ್ತು.

ಎರಡು ಗಂಟೆಗೆ ಊಟ ಮಾಡಿ ಬಂದಾಗ ಟೇಬಲ್ಲಿನ ಮೇಲೆ ಹತ್ತೇ ಇದ್ದವು. ಕಕ್ಕೆ ಇರಲಿಲ್ಲ. ಅವಳು ಮೊದಲು ಪೆಟ್ಟಿಗೆಯೊಳಗೆ ನೋಡಿದಳು, ಆಮೇಲೆ ಟೇಬಲ್ಲಿನ ಹಿಂದೆ, ಆಮೇಲೆ ಗುರಲಿಂಗಪ್ಪನನ್ನು ಕೇಳಿದಳು. ಸುಕೇಶನನ್ನು ಹುಡುಕಿ ಹಿಡಿಯುವುದಕ್ಕೆ ಕಾಲು ಗಂಟೆ ಬೇಕಾಯಿತು. ಅವನು ಸಂತೋಷದ ಸುದ್ದಿ ಹೇಳುವವನಂತೆ ಹೇಳಿದ. ಮುಖ್ಯ ಅತಿಥಿ ಡಾಕ್ಟರ್ ಸೃಜನ್ ಬೇಗ ಹೊರಟರು, ಕೊಡಲಿಕ್ಕೆ ತರಿಸಿದ್ದ ಸ್ಮರಣಿಕೆಯಲ್ಲಿ ಹೆಸರು ತಪ್ಪಾಗಿತ್ತು, ಆಗ ನಿಮ್ಮ ಹಳದಿ ಹೂವಿನದು ನೆನಪಾಯಿತು, ಗಿಫ್ಟ್ ಪೇಪರ್ ಸುತ್ತಿ ಕೊಟ್ಟೆವು, ನೀವು ಊಟಕ್ಕೆ ಕೂತಿದ್ದಿರಿ, ಎಬ್ಬಿಸುವುದು ಯಾಕೆಂದು.

“ಹಸಿ ಬಣ್ಣಕ್ಕ ಕಾಗದ ಸುತ್ತೀರಿ?” ಅವಳ ಧ್ವನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. “ನನ್ನ ಕೇಳಬೇಕಾಗಿತ್ತು ನೀವು.”

ಅದು ನಿಮಗೇ ಗೌರವ ಅಲ್ಲವೇ ಮಾರಾಯ್ರೆ, ಅಷ್ಟು ದೊಡ್ಡ ಡಾಕ್ಟರ ಮನೆಯಲ್ಲಿ ಇರುತ್ತದೆ ಎಂದ ಸುಕೇಶ್. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅದೇ ಅವಳ ಕೈ ಕಟ್ಟಿಹಾಕಿತು. ಜಗಳವಾಡಲು ಎದುರಿಗೆ ಕೆಟ್ಟ ಮನುಷ್ಯ ಇರಲಿಲ್ಲ. ಡಾಕ್ಟರ ವಿಳಾಸ ಕೊಡಿ ಎಂದಳು. ಯಾಕೆ ಎಂದು ಅವನು ಎರಡು ಸಲ ಕೇಳಿದ. ಅವಳು ವಿಳಾಸ ಎಂದಷ್ಟೇ ಹೇಳಿದಳು.

ಸೋಮವಾರ ಅವಳು ಪರೇಲ್‌ಗೆ ಹೋದಳು. ಗುರಲಿಂಗಪ್ಪ ಹೋಗಲಿ ಬಿಡು, ಕೊಟ್ಟದ್ದನ್ನ ಹೊಳ್ಳಿ ಕೇಳೂದು ಚಂದ ಕಾಣೂದಿಲ್ಲ ಎಂದಿದ್ದ. ಕೊಟ್ಟವಳು ನಾನಲ್ಲ ಎಂದು ಅವಳು ಉತ್ತರಿಸಿದ್ದಳು. ಕ್ಲಿನಿಕ್ಕಿನಲ್ಲಿ ರಿಸೆಪ್ಶನ್ನಿನ ಹುಡುಗಿ ಫಸ್ಟ್ ಟೈಮ್ ಅಥವಾ ಫಾಲೋಅಪ್ ಎಂದು ಕೇಳಿದಳು. ಪೇಂಟಿಂಗ್ ವಿಷಯ ಎಂದು ಶಿವಕುಮಾರಿ ಹೇಳಿದರೆ, ನಾವು ಗೋಡೆಗೆ ಬಣ್ಣ ಹೊಡೆಸುತ್ತಿಲ್ಲ ಎಂದಳು. ಕೊನೆಗೆ ಪೇಶಂಟುಗಳ ನಡುವೆ ಎರಡು ಗಂಟೆ ಕೂತಳು. ಪಕ್ಕದಲ್ಲಿ ಕೂತಿದ್ದ ಮುದುಕನೊಬ್ಬ ಎಷ್ಟು ದಿನದಿಂದ ತೊಂದರೆ ಎಂದು ಮರಾಠಿಯಲ್ಲಿ ವಿಚಾರಿಸಿದ. ಫೆಬ್ರವರಿಯಿಂದ ಎಂದಳು.

ಡಾಕ್ಟರ್ ಸೃಜನ್‌ಗೆ ನಲವತ್ತೈದು ಇರಬಹುದು. ಹುಟ್ಟಿ ಬೆಳೆದದ್ದು ಮುಂಬಯಿಯಲ್ಲೇ. ಅವಳು ವಿಷಯ ಹೇಳಿದಾಗ ಮೊದಲು ಅರ್ಥವಾಗದೆ, ಆಮೇಲೆ ಗಾಬರಿಯಾಗಿ, ಆ ಪ್ಯಾಕೆಟ್ ಇನ್ನೂ ಕಾರಿನ ಡಿಕ್ಕಿಯಲ್ಲೇ ಇದೆ ಎಂದು ಡ್ರೈವರನಿಗೆ ಫೋನ್ ಮಾಡಿದ. ಪ್ಯಾಕೆಟ್ ಬಂತು. ಜೂನಿನ ಬಿಸಿಲಲ್ಲಿ ಒಂದು ದಿನ ಬೆಂದು ಅದರೊಳಗಿನ ಎಣ್ಣೆ ಹೊಳೆಯುವ ಕಾಗದಕ್ಕೆ ಇಳಿದಿತ್ತು. ಡಾಕ್ಟರ್ ಇಕ್ಕಳ ತೆಗೆದುಕೊಟ್ಟ. ಅವನೊಂದು ಮೂಲೆ, ಅವಳೊಂದು ಮೂಲೆ ಹಿಡಿದು, ಹೊರಗೆ ಪೇಶಂಟುಗಳು ಕಾಯುತ್ತಿರುವಾಗ, ಗಾಯದ ಪಟ್ಟಿ ಬಿಚ್ಚುವಂತೆ ಬಿಚ್ಚಿದರು. ಹಳದಿಯೆಲ್ಲ ಕಾಗದದ ಜತೆಗೆ ಎದ್ದುಬಂತು. ಹಲಗೆಯ ಮೇಲೆ ಲೋಟದ ಕೆಳಭಾಗ, ಬೂದು ನೀಲಿಯ ಒಂದು ತುಣುಕು ಮತ್ತು ತಳದ ಎರಡು ಎಸಳು ಉಳಿದವು.

“ಸಾರಿ ಮೇಡಂ. ನಾನು... ನನಗೆ ಮಾಲೂಮ್ ಇರ್ಲಿಲ್ಲ. ನೀವು ಇನ್ನೊಂದು ಕೊಡಿ, ನಾನು ಪ್ರಾಪರ್ ಫ್ರೇಮ್ ಮಾಡಿ ಇಡ್ತೇನೆ.”

“ಇನ್ನೊಂದು ಇಲ್ರಿ,” ಎಂದಳು ಶಿವಕುಮಾರಿ. “ಮರ ಕಡದಾರ.”

ಅವನಿಗೆ ಅದು ಎಷ್ಟು ತಿಳಿಯಿತೋ. ಬಾಗಿಲವರೆಗೆ ಬಂದು ಬೀಳ್ಕೊಟ್ಟ. ಅವಳು ಹಲಗೆಯನ್ನು ಕೈಯಲ್ಲಿ ಹಿಡಿದುಕೊಂಡು ಬಸ್ ಸ್ಟಾಪಿನಲ್ಲಿ ನಿಂತಾಗ ಮಾತ್ರ ಅಳು ಬಂತು. ಎಲ್ಲರೆದುರು, ಮುಚ್ಚಿಕೊಳ್ಳದೆ, ಬಸ್ ಬರುವವರೆಗೆ ಅತ್ತಳು. ಯಾರೂ ಏನೂ ಕೇಳಲಿಲ್ಲ. ಪರೇಲ್‌ನಲ್ಲಿ ಆಸ್ಪತ್ರೆಗಳ ನಡುವೆ ಬಸ್ ಸ್ಟಾಪಿನಲ್ಲಿ ಅಳುವ ಹೆಂಗಸರು ದಿನವೂ ಇರುತ್ತಾರೆ.

ಮನೆಗೆ ಬಂದು ಒಂದು ಸಂಜೆ ನೆನಪಿನಿಂದ ಆ ಹಳದಿಯನ್ನು ಮತ್ತೆ ಹಾಕಲು ಕೂತಳು. ಗೊಂಚಲು ಬಂತು, ಅಂದವಾಗಿಯೇ ಬಂತು. ಶಾಲೆಯ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದುಕೊಡುವ ಹೂವಿನಂತೆ ಇತ್ತು. ಕೆರೆದು ತೆಗೆದಳು. ಉಳಿದಿದ್ದ ಎರಡು ಎಸಳೂ ಚಾಕುವಿಗೆ ಹೋದವು. ಸುಕೇಶ್ ಫೋನ್ ಮಾಡಿ, ಡಾಕ್ಟರು ಹೇಳಿದರು, ತಪ್ಪಾಯಿತು ಎಂದ. ಅದೇ ಉಸಿರಿನಲ್ಲಿ ನವರಾತ್ರಿಗೆ ಮಕ್ಕಳಿಗೆ ರಂಗೋಲಿ ಸ್ಪರ್ಧೆ ಉಂಟು, ತೀರ್ಪುಗಾರರಾಗಿ ಬರಬೇಕು ಎಂದ. ಬರುವುದಿಲ್ಲ ಎಂದು ಅವಳು ಹೇಳಿದಳು. ಕಾರಣ ಹೇಳಲಿಲ್ಲ. ಯಾರಿಗಾದರೂ ಅವಳು ಹಾಗೆ ಇಲ್ಲ ಎಂದದ್ದು ಅದೇ ಮೊದಲಿರಬೇಕು.

ಬಾಡಿದ ಮಲ್ಲಿಗೆಯನ್ನು ಅವಳು ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಗೋಡೆಗೆ, ತಾನೇ ಮೊಳೆ ಹೊಡೆದು ತೂಗುಹಾಕಿದಳು. ಗುರುಬಾಯಿ ಕನ್ನಡಕ ಸರಿಮಾಡಿಕೊಂಡು ನೋಡಿ ಹೋದರು. ಒಂಬತ್ತನೆಯ ದಿನ ಕುಕ್ಕರ್ ಕೂಗುತ್ತಿರುವಾಗ ಬಾಗಿಲಲ್ಲಿ ನಿಂತು, “ಅದಕ್ಕ ಉಗಿ ಬಡಿಯಾಕತ್ತೈತಿ. ಆ ಕಡಿ ಗೋಡಿಗೆ ಹಾಕು” ಎಂದರು. ಶಿವಕುಮಾರಿ ಅನ್ನ ಇಳಿಸಿ, ಆ ಕಡೆಯ ಗೋಡೆಗೆ ಇನ್ನೊಂದು ಮೊಳೆ ಹೊಡೆದಳು.

ಜೂನ್ ಮಧ್ಯದಲ್ಲಿ ಮಳೆಯ ಜತೆಗೇ ಶಾಲೆ ಶುರುವಾಯಿತು. ಮೊದಲ ವಾರದಲ್ಲೇ ಅವಳು ಹೆಡ್‌ಮಿಸ್ಟ್ರೆಸ್ ವೈಶಾಲಿ ಮೇಡಂ ಕೋಣೆಗೆ ಹೋಗಿ ರಜೆಯ ಅರ್ಜಿ ಇಟ್ಟಳು. ಬರುವ ವರ್ಷ ಏಪ್ರಿಲ್ ಇಪ್ಪತ್ತರಿಂದ ಮೂವತ್ತರವರೆಗೆ. ಕಾರಣದ ಜಾಗದಲ್ಲಿ ‘ಕಕ್ಕೆ ಹೂ ಬಿಡುವ ಸಮಯ’ ಎಂದು ಬರೆದಿದ್ದಳು. ಮೇಡಂ ಅದನ್ನು ಎರಡು ಸಲ ಓದಿ, ಹತ್ತು ತಿಂಗಳು ಮೊದಲು ಯಾರೂ ರಜೆ ಕೇಳುವುದಿಲ್ಲ, ಅದೂ ಪರೀಕ್ಷೆಯ ಹೊತ್ತಿನಲ್ಲಿ, ಅದೂ ಇಂಥ ಕಾರಣಕ್ಕೆ ಎಂದರು. ಸ್ವಂತ ಕೆಲಸ ಎಂದು ತಿದ್ದಿಕೊಡಿ, ನೋಡೋಣ ಎಂದು ಪೆನ್ನನ್ನೂ ಮುಂದೆ ಮಾಡಿದರು. ಶಿವಕುಮಾರಿ ತಿದ್ದಲಿಲ್ಲ. ಅರ್ಜಿಯನ್ನು ಮೇಜಿನ ಮೇಲೆ ಬಿಟ್ಟು, ಗಂಟೆ ಹೊಡೆದದ್ದರಿಂದ ಐದನೆಯ ತರಗತಿಗೆ ಹೋದಳು. ಅದು ಇನ್ನೂ ಮಂಜೂರಾಗಿಲ್ಲ.